ಲಾವಾ ಗುಹೆಯೊಳಗಿನ ಮಂಜುಗಡ್ಡೆ

ನ್ಯೂ ಮೆಕ್ಸಿಕೋ ಅಂದ್ರೆ ನನ್ನ ತಲೆಯಲ್ಲಿದ್ದದ್ದು ಬಿಸಿಲು, ಕಳ್ಳಿಗಿಡ, ಕೆಂಪು ಮೆಣಸಿನಕಾಯಿ ಸರಗಳು. ಜುಲೈ ತಿಂಗಳಲ್ಲಿ "ನಡಿ, ಮಂಜುಗಡ್ಡೆ ನೋಡ್ಕೊಂಡು ಬರೋಣ" ಅಂತ ಗೆಳತಿ ಕರೆದಾಗ ತಮಾಷೆ ಅಂದುಕೊಂಡೆ.

ಗ್ರಾಂಟ್ಸ್ ಅನ್ನೋ ಪುಟ್ಟ ಊರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ ಬಂಡೇರಾ ಜ್ವಾಲಾಮುಖಿ ಇದೆ. ಸುಮಾರು 10,000 ವರ್ಷಗಳ ಹಿಂದೆ ಅದು ಉಗುಳಿದ ಲಾವಾ ಹೊಳೆಯ ಹಾಗೆ ಹರಿಯಿತು. ಮೇಲ್ಭಾಗ ಮಾತ್ರ ಆರಿ ಗಟ್ಟಿಯಾಗಿ ಚಾವಣಿಯಾಯ್ತು, ಒಳಗಿನದು ಹರಿದುಹೋಗಿ ಕೊಳವೆ ಉಳಿಯಿತು. ಆ ಕೊಳವೆ ಬಹಳ ಕಡೆ ಕುಸಿದಿದೆ; ಕುಸಿಯದೆ ಉಳಿದ ಒಂದು ತುಂಡೇ ಈ ಗುಹೆ.

ಮರದ ಮೆಟ್ಟಿಲು ಇಳಿದಂತೆಲ್ಲ ಚಳಿ ಏರುತ್ತೆ. ತಳದಲ್ಲಿ ಹಸಿರು ಛಾಯೆಯ ಮಂಜುಗಡ್ಡೆಯದೇ ನೆಲ, ದಪ್ಪ ಸುಮಾರು 6 ಮೀಟರ್! ಹಸಿರು ಬಣ್ಣ ಪಾಚಿಯದಂತೆ.

ಇದು ಕರಗಲ್ಲ ಯಾಕೆ? ಚಳಿಗಾಲದ ತಣ್ಣನೆ ಗಾಳಿ ಭಾರ, ಇಳಿದು ತಳದಲ್ಲಿ ಕೂರುತ್ತೆ. ಬೇಸಿಗೆಯ ಬಿಸಿಗಾಳಿ ಹಗುರ, ಅದನ್ನು ತಳ್ಳಿ ಒಳಬರಲಾರದು. ಸಣ್ಣ ಸಣ್ಣ ತೂತುಗಳಿರೋ ಲಾವಾಕಲ್ಲು ಕಂಬಳಿ ಹೊದಿಸಿದಂತೆ ಬಿಸಿಯನ್ನು ತಡೆಯುತ್ತೆ. ಮಳೆನೀರು, ಹಿಮ ಕರಗಿದ ನೀರು ಒಳಗೆ ಜಿನುಗಿ ಅಲ್ಲೇ ಹೆಪ್ಪುಗಟ್ಟುತ್ತೆ. ನಮ್ಮ ಕಡೆ ಹಗೇವಿನಲ್ಲಿ ಜೋಳ ಕಾಪಾಡಿದ ಹಾಗೆ, ಇಲ್ಲಿ ನೆಲವೇ ನೀರನ್ನು ಕಾಪಾಡಿದೆ.

ಇದೇ ಸೀಮೆಯ ಎಲ್ ಮಾಲ್ಪೈಸ್ ಲಾವಾ ಬಯಲಿನಲ್ಲಿ ಇಂಥದ್ದೇ ಇನ್ನೊಂದು ಗುಹೆಯಿದೆ. ಅದರ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನ ಓದಿದ ಮೇಲೆ ನನಗೆ ಬೇರೆ ಯೋಚನೆಯೇ ಬರ್ತಿಲ್ಲ. ಬೊಗ್ದಾನ್ ಒನಾಕ್ ಮತ್ತು ಸಂಗಡಿಗರು ಅಲ್ಲಿನ ಮಂಜುಗಡ್ಡೆಯನ್ನು ಕೊರೆದು ತೆಗೆದ ಅರ್ಧ ಮೀಟರಿಗಿಂತ ತುಸು ಉದ್ದದ ಕಂಬದಲ್ಲಿ ಬೂದಿ, ಇದ್ದಿಲಿನ ಐದು ಪದರ ಸಿಕ್ಕವು. ಕ್ರಿ.ಶ. 150ರಿಂದ 950ರ ನಡುವಿನವು. ಬರ ಬಿದ್ದಾಗಲೆಲ್ಲ ಪ್ಯೂಬ್ಲೋ ಜನರ ಪೂರ್ವಜರು ಗುಹೆಗಿಳಿದು, ಬೆಂಕಿ ಹಚ್ಚಿ, ಮಂಜುಗಡ್ಡೆ ಕರಗಿಸಿ ನೀರು ಮಾಡಿಕೊಂಡಿದ್ದರು ಅನ್ನೋದು ಅವರ ತೀರ್ಮಾನ.

ಬೋರ್‌ವೆಲ್ ಮುಂದೆ ಬಿಂದಿಗೆ ಸಾಲಿನಲ್ಲಿ ನಿಂತು ಬೆಳೆದವಳು ನಾನು. ಹೊಗೆ ತುಂಬಿದ ಆ ಕತ್ತಲಲ್ಲಿ, ಮಡಕೆ ತುಂಬೋದನ್ನೇ ಕಾಯುತ್ತ ಕೂತವರು ಯಾರೋ ದೂರದವರು ಅನ್ನಿಸಲೇ ಇಲ್ಲ.

ಈಗ ಆ ಮಂಜುಗಡ್ಡೆ ಬಿಸಿಯೇರುತ್ತಿರೋ ಹವೆಗೆ ತಾನಾಗೇ ಕರಗುತ್ತಿದೆ, ಕುಡಿಯೋರಿಲ್ಲದೆ. ಅದರ ಜೊತೆ ಆ ಬೂದಿಯ ಲೆಕ್ಕವೂ ಹೋಗುತ್ತೆ.

ನಿಮ್ಮೂರಲ್ಲೂ ಬರಗಾಲಕ್ಕೆ ಅಂತಲೇ ಹಿರಿಯರು ನೆನಪಿಟ್ಟುಕೊಂಡ ಒರತೆ, ಬಾವಿ, ಗವಿ ಇದ್ದರೆ ಬರೆದಿಡಿ. ಓದೋಕೆ ನಾನಿದ್ದೀನಿ.