ಒಂದು ಲೋಟ ಜೀರಿಗೆ ಕಷಾಯ

"ಏನೇ, ಕಂಡ್ಹಿಡಿದ್ಯಾ ಔಷಧಿ?"

ಊರಿಗೆ ಹೋದಾಗಲೆಲ್ಲ ಅಮ್ಮ ಕೇಳೋ ಮೊದಲ ಪ್ರಶ್ನೆ ಇದು. ಊಟದ ವಿಚಾರ ಆಮೇಲೆ. ನಾನು ಹೃದಯಾಘಾತದ ಬಗ್ಗೆ ಸಂಶೋಧನೆ ಮಾಡೋಳು. ಹೆಸರಿನ ಮುಂದೆ ಡಾಕ್ಟರ್ ಅಂತ ಇದೆ, ಕುತ್ತಿಗೆಯಲ್ಲಿ ಸ್ಟೆತಸ್ಕೋಪ್ ಇಲ್ಲ. ಬಿಪಿ ನೋಡಮ್ಮ ಅಂತ ಕೈ ಚಾಚುವ ಅಕ್ಕಪಕ್ಕದವರಿಗೆ "ನಾನು ಆ ಡಾಕ್ಟರ್ ಅಲ್ಲ" ಅಂತ ಹೇಳಿ ಹೇಳಿ ಸಾಕಾಗಿದೆ.

ಈ ಕೆಲಸಕ್ಕೆ ಯಾಕೆ ಬಂದೆ ಅಂತ ಸಂದರ್ಶನಗಳಲ್ಲಿ ಕೇಳಿದಾಗ "ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು" ಅಂತಿದ್ದೆ. ಅದು ನಿಜ. ಪೂರ್ತಿ ನಿಜ ಅಲ್ಲ. ಮಿಕ್ಕಿದ್ದನ್ನ ಇಪ್ಪತ್ತೊಂದು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ

2004ರ ಏಪ್ರಿಲ್. ನಾನು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ನಮ್ಮದು ಅರಸೀಕೆರೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವತ್ತು ಯಾರದೋ ಗೃಹಪ್ರವೇಶದ ಊಟ ಮಾಡಿ ಬಂದಿದ್ದರು. ರಾತ್ರಿ ಹತ್ತರ ಹೊತ್ತಿಗೆ ಎದೆ ಮೇಲೆ ಏನೋ ಭಾರ ಇಟ್ಟ ಹಾಗಿದೆ ಅಂದರು. ಹಣೆ ಮೇಲೆ ಬೆವರು ಇತ್ತು. ಏಪ್ರಿಲ್ ತಿಂಗಳು, ಎಲ್ಲರ ಹಣೆ ಮೇಲೂ ಇತ್ತು.

ನಾನು ಜೀರಿಗೆ ಕಷಾಯ ಮಾಡಿ ತಂದುಕೊಟ್ಟೆ. "ಗ್ಯಾಸ್ ಇರ್ಬೇಕು ಅಪ್ಪಾ, ಬೆಳಿಗ್ಗೆ ಸರಿ ಹೋಗುತ್ತೆ" ಅಂದೆ. ಅಪ್ಪ ಕುಡಿದು, ಒಂದು ತೇಗು ಬಂತು ಅಂತ ಸಮಾಧಾನ ಪಟ್ಟುಕೊಂಡು ಮಲಗಿದರು.

ಬೆಳಗಿನ ಜಾವ ವಾಂತಿ ಶುರುವಾಯ್ತು. ಆಗ 108 ಆಂಬುಲೆನ್ಸ್ ಇರಲಿಲ್ಲ. ಪಕ್ಕದ ಮನೆಯವರ ಅಂಬಾಸಿಡರ್‌ನಲ್ಲಿ ಹಾಸನ ತಲುಪಿದಾಗ ಏಳು ಗಂಟೆ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಸ್ಟ್ರೆಪ್ಟೋಕೈನೇಸ್ ಕೊಟ್ಟರು. ಅಪ್ಪ ಉಳಿದರು. ಆದರೆ ಒಂಬತ್ತು ಗಂಟೆ ರಕ್ತವಿಲ್ಲದೆ ಬಿದ್ದಿದ್ದ ಹೃದಯದ ಒಂದು ದೊಡ್ಡ ಭಾಗ ಉಳಿಯಲಿಲ್ಲ. ಎಕೋ ರಿಪೋರ್ಟಿನಲ್ಲಿ ಇಎಫ್ 30 ಪರ್ಸೆಂಟ್ ಅಂತ ಬರೆದಿತ್ತು. ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರೋ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ ಅದು. ಆರೋಗ್ಯವಂತರಲ್ಲಿ 55ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಇರುತ್ತೆ.

ಗಣಿತದ ಮೇಷ್ಟ್ರಿಗೆ ಆ ಲೆಕ್ಕ ನಮಗಿಂತ ಮುಂಚೆ ಅರ್ಥವಾಯ್ತು.

ಇಲಿಯ ಹೃದಯ

ಬಿ.ಫಾರ್ಮ ಸೇರಿದೆ. ಆಮೇಲೆ ಫಾರ್ಮಕಾಲಜಿಯಲ್ಲಿ ಎಂ.ಫಾರ್ಮ. 2010ರಲ್ಲಿ ಪಿಎಚ್‌ಡಿ. ಗೈಡ್ ಮುಂದೆ ಕೂತು "ಹಾರ್ಟ್ ಅಟ್ಯಾಕ್‌ನಲ್ಲಿ ಸಾಯೋ ಸ್ನಾಯುವನ್ನ ಉಳಿಸೋದು ಹೇಗೆ ಅನ್ನೋದರ ಮೇಲೆ ಮಾಡ್ತೀನಿ ಸರ್" ಅಂದೆ. ಅದಕ್ಕೆ ಒಂದು ಹೆಸರಿದೆ: ಕಾರ್ಡಿಯೋಪ್ರೊಟೆಕ್ಷನ್. ಹೃದಯ ರಕ್ಷಣೆ.

ಮೊದಲ ಸಲ ಇಲಿಯ ಹೃದಯ ತೆಗೆದ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಪ್ರಾಣಿ ಪ್ರಯೋಗದ ಸಮಿತಿ ಒಂದೊಂದು ಇಲಿಗೂ ಲೆಕ್ಕ ಕೇಳುತ್ತೆ, ಕೇಳಲೇಬೇಕು. ಅರಿವಳಿಕೆ ಕೊಟ್ಟು, ಹೃದಯ ತೆಗೆದು, ಗಾಜಿನ ಕೊಳವೆಗೆ ಕಟ್ಟಿ ತೂಗುಹಾಕಬೇಕು. ಒಂದು ಗ್ರಾಂ ಆಸುಪಾಸಿನ ಹೃದಯ. ಅದಕ್ಕೆ 37 ಡಿಗ್ರಿ ಬಿಸಿಯ, ಆಕ್ಸಿಜನ್ ಬೆರೆತ, ಉಪ್ಪು ಮತ್ತು ಸಕ್ಕರೆಯ ದ್ರವ ಹರಿಸಿದರೆ ದೇಹವಿಲ್ಲದೇನೂ ಬಡಿಯುತ್ತಾ ಇರುತ್ತೆ. ಆಸ್ಕರ್ ಲಾಂಗೆನ್‌ಡಾರ್ಫ್ ಅನ್ನೋ ಜರ್ಮನ್ ವಿಜ್ಞಾನಿ 1895ರಲ್ಲಿ ತೋರಿಸಿಕೊಟ್ಟ ವಿಧಾನ. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಅದೇ ನಡೀತಿದೆ.

ದ್ರವದ ಹರಿವನ್ನ ಅರ್ಧ ಗಂಟೆ ನಿಲ್ಲಿಸೋದು. ಅದು ನಮ್ಮ ಹಾರ್ಟ್ ಅಟ್ಯಾಕ್. ಆಮೇಲೆ ಎರಡು ಗಂಟೆ ಮತ್ತೆ ಹರಿಸೋದು. ಅದು ಆಸ್ಪತ್ರೆಯ ಚಿಕಿತ್ಸೆ. ಕೊನೆಗೆ ಹೃದಯವನ್ನ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಟಿಟಿಸಿ ಅನ್ನೋ ಬಣ್ಣದಲ್ಲಿ ಅದ್ದಿದರೆ ಬದುಕಿರೋ ಭಾಗ ಇಟ್ಟಿಗೆ ಕೆಂಪಾಗುತ್ತೆ, ಸತ್ತದ್ದು ಬಿಳಿಚಿಕೊಂಡೇ ಇರುತ್ತೆ. ಆ ಬಿಳಿ ಎಷ್ಟಿದೆ ಅಂತ ಅಳೆಯೋದೇ ನನ್ನ ಐದು ವರ್ಷದ ಪಿಎಚ್‌ಡಿ.

ವಿಚಿತ್ರ ಏನು ಗೊತ್ತಾ? ರಕ್ತ ನಿಂತಾಗ ಮಾತ್ರ ಜೀವಕೋಶ ಸಾಯೋದಿಲ್ಲ. ರಕ್ತ ಮತ್ತೆ ನುಗ್ಗಿದಾಗಲೂ ಒಂದಷ್ಟು ಸಾಯುತ್ತೆ. ಅಮ್ಮನಿಗೆ ಇದನ್ನ ಹೀಗೆ ವಿವರಿಸಿದ್ದೆ: "ಬತ್ತಿದ ಕಾಲುವೆಗೆ ಒಂದೇ ಸಲ ಕೆರೆ ತೂಬು ಎತ್ತಿದ್ರೆ ಏನಾಗುತ್ತೆ?" "ಬದು ಕಿತ್ಕೊಂಡು ಹೋಗುತ್ತೆ" ಅಂದಳು. ಅಷ್ಟೇ. ಹಾಗಂತ ನೀರೇ ಬಿಡದಿದ್ದರೆ ಪೈರು ಪೂರ್ತಿ ಒಣಗುತ್ತೆ. ಬಿಡಲೇಬೇಕು, ಬೇಗ ಬಿಡಬೇಕು. ಬದು ಉಳಿಸೋದು ಹೇಗೆ ಅನ್ನೋದು ನಮ್ಮ ಪ್ರಶ್ನೆ.

ಅದಕ್ಕೊಂದು ಸುಳಿವು 1986ರಲ್ಲೇ ಸಿಕ್ಕಿತ್ತು. ಅಮೆರಿಕದ ಮರ್ರಿ, ಜೆನಿಂಗ್ಸ್, ರೈಮರ್ ಅನ್ನೋ ಮೂವರು ನಾಯಿಯ ಹೃದಯದ ರಕ್ತನಾಳವನ್ನ 5 ನಿಮಿಷ ಮುಚ್ಚಿ, 5 ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದರು. ಆಮೇಲೆ 40 ನಿಮಿಷ ಪೂರ್ತಿ ಮುಚ್ಚಿದರು. ಹಾನಿ ಜಾಸ್ತಿ ಆಗಬೇಕಿತ್ತಲ್ವಾ? ಆಗಿದ್ದು ಉಲ್ಟಾ. ಸತ್ತ ಸ್ನಾಯು ಕಾಲು ಭಾಗಕ್ಕೆ ಇಳಿದಿತ್ತು. ಸಣ್ಣ ಸಣ್ಣ ಕಷ್ಟ ಕಂಡ ಹೃದಯ ದೊಡ್ಡ ಕಷ್ಟಕ್ಕೆ ತಯಾರಾಗಿತ್ತು.

ಮುಂದೆ ಇನ್ನೂ ಅಚ್ಚರಿಯ ಸಂಗತಿ ಗೊತ್ತಾಯ್ತು. ಹೃದಯವನ್ನ ಮುಟ್ಟೋದೇ ಬೇಡ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದೈದು ನಿಮಿಷ ಬಿಗಿದು ಬಿಟ್ಟರೂ ರಕ್ಷಣೆ ಸಿಗಬಹುದು ಅನ್ನೋ ಪುರಾವೆಗಳು ಬಂದವು. ಬಿಪಿ ಪಟ್ಟಿ! ಅರಸೀಕೆರೆಯಂಥ ಊರಲ್ಲೂ ಸಿಗೋ ವಸ್ತು. ಇದನ್ನ ಓದಿದ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ರಜೆಗೆ ಬಂದಾಗ ಅಪ್ಪನಿಗೆ ಎಲ್ಲ ಹೇಳುತ್ತಿದ್ದೆ. ಮೂರು ದಿಂಬು ಒರಗಿ ಕೂತು ಕೇಳೋರು. ಉಪ್ಪಿಲ್ಲದ ಸಾರು, ಅಳೆದು ಕೊಟ್ಟ ನೀರು, ಸಂಜೆಯಾದರೆ ಊದಿಕೊಳ್ಳೋ ಕಾಲು. "ಇಲಿ ಹೃದಯ ಸರಿ ಮಾಡ್ತೀಯಲ್ಲ, ನಿಮ್ಮಪ್ಪಂದು ಯಾವಾಗ್ಲೇ?" ಅಂತ ನಗೋರು. ನಾನೂ ನಗುತ್ತಿದ್ದೆ. ಆ ಕಷಾಯದ ಮಾತು ಬಾಯಿ ತನಕ ಬರೋದು, ವಾಪಸ್ ಹೋಗೋದು.

2013ರ ಆಗಸ್ಟಿನಲ್ಲಿ ಅಪ್ಪ ಹೋದರು. ಹಾರ್ಟ್ ಫೇಲ್ಯೂರ್. ಹದಿಮೂರನೇ ದಿನದ ಕಾರ್ಯ ಮುಗಿಸಿ ಲ್ಯಾಬಿಗೆ ವಾಪಸ್ ಬಂದಾಗ ನನ್ನ ಗ್ರಾಫ್‌ಗಳೆಲ್ಲ ಚೆನ್ನಾಗಿಯೇ ಇದ್ದವು. ಬಿಳಿ ಕಡಿಮೆ, ಕೆಂಪು ಜಾಸ್ತಿ.

ಸೋತ ದಿನ

ಪಿಎಚ್‌ಡಿ ಮುಗಿಸಿ ಎರಡು ವರ್ಷ ಲಂಡನ್ನಿನ ಒಂದು ಲ್ಯಾಬಿನಲ್ಲಿದ್ದೆ. 2018ರಲ್ಲಿ ಬೆಂಗಳೂರಿಗೆ ಬಂದೆ. ಆ ಹೊತ್ತಿಗೆ ನಮ್ಮ ಕ್ಷೇತ್ರದವರೆಲ್ಲ ಒಂದೇ ಫಲಿತಾಂಶಕ್ಕೆ ಕಾಯ್ತಿದ್ದೆವು. ಬ್ರಿಟನ್, ಡೆನ್ಮಾರ್ಕ್, ಸ್ಪೇನ್, ಸರ್ಬಿಯಾ ದೇಶಗಳಲ್ಲಿ ಹೃದಯಾಘಾತವಾಗಿ ಆಂಜಿಯೋಪ್ಲಾಸ್ಟಿಗೆ ಬಂದ 5 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಬಿಪಿ ಪಟ್ಟಿಯ ಪರೀಕ್ಷೆ ನಡೆದಿತ್ತು.

2019ರ ಸೆಪ್ಟೆಂಬರ್ ಆರಂಭ. ಪ್ಯಾರಿಸ್ಸಿನಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಮ್ಮೇಳನ. ನಾನು ಮೆಟ್ರೋದಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆ. ಒಂದು ವರ್ಷದೊಳಗೆ ಹೃದಯದ ಕಾರಣಕ್ಕೆ ಸತ್ತವರು ಅಥವಾ ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರಿದವರು: ಪಟ್ಟಿ ಕಟ್ಟಿಸಿಕೊಂಡವರಲ್ಲಿ 9.4 ಪರ್ಸೆಂಟ್, ಕಟ್ಟಿಸಿಕೊಳ್ಳದವರಲ್ಲಿ 8.6. ಅಂದರೆ ಉಪಯೋಗ ಇಲ್ಲ.

ಇಳಿಯಬೇಕಿದ್ದ ಸ್ಟೇಷನ್ ದಾಟಿ ಹೋಯ್ತು.

ಕಂಪನಿಯಲ್ಲಿ ಎರಡು ವರ್ಷ ಕಟ್ಟಿದ ಪ್ರಾಡಕ್ಟನ್ನ ಒಂದು ಮೀಟಿಂಗಿನಲ್ಲಿ ನಿಲ್ಲಿಸಿಬಿಟ್ಟರೆ ಹೇಗಿರುತ್ತೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ನನ್ನದು ಒಂಬತ್ತು ವರ್ಷ. ಅದರ ಜೊತೆಗೆ ಅಪ್ಪನ ಹೆಸರಿನಲ್ಲಿ ನನಗೆ ನಾನೇ ಕೊಟ್ಟುಕೊಂಡ ಮಾತು.

ಅದೇ ಸಮ್ಮೇಳನದಲ್ಲಿ ಇನ್ನೊಂದು ಸುದ್ದಿಯೂ ಬಂತು. ಡಾಪಾಗ್ಲಿಫ್ಲೋಜಿನ್ ಅನ್ನೋ ಸಕ್ಕರೆ ಕಾಯಿಲೆಯ ಮಾತ್ರೆ, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಹಾರ್ಟ್ ಫೇಲ್ಯೂರ್ ಉಲ್ಬಣಿಸೋದನ್ನ ಮತ್ತು ಸಾವನ್ನ ಕಡಿಮೆ ಮಾಡುತ್ತೆ ಅಂತ 4,744 ಜನರ ಅಧ್ಯಯನ ತೋರಿಸಿತ್ತು. ಅಪ್ಪನಂಥ, ಇಎಫ್ ಕಡಿಮೆ ಇರೋ ಜನ. ನಾನು ನಂಬಿದ್ದು ಕೆಲಸ ಮಾಡಲಿಲ್ಲ. ನಾನು ತಿರುಗಿ ನೋಡದ ಒಂದು ಮಾತ್ರೆ ಕೆಲಸ ಮಾಡಿತ್ತು. ಅಪ್ಪ ಹೋಗಿ ಆರು ವರ್ಷ ಆಗಿತ್ತು.

ಆಮೇಲೆ ತಿಂಗಳುಗಟ್ಟಲೆ ಪೇಪರ್ ತೆರೆಯೋಕೆ ಮನಸ್ಸಾಗಲಿಲ್ಲ. ನಿಧಾನವಾಗಿ ಕೂತು ಯೋಚಿಸಿದಾಗ ತಪ್ಪು ಎಲ್ಲಿದ್ದಿರಬಹುದು ಅನ್ನೋದು ಕಾಣಿಸ್ತು. ನಾವು ಪ್ರಯೋಗ ಮಾಡೋದು ಎಳೆಯ, ಆರೋಗ್ಯವಂತ ಇಲಿಗಳ ಮೇಲೆ. ಆಸ್ಪತ್ರೆಗೆ ಬರೋದು ಅರವತ್ತು ದಾಟಿದ, ಶುಗರ್, ಬಿಪಿ ಇರೋ, ನಾಲ್ಕಾರು ಮಾತ್ರೆ ನುಂಗೋ ಮನುಷ್ಯ. ಅಂಥ ಹೃದಯದಲ್ಲಿ ಈ ರಕ್ಷಣೆಯ ದಾರಿಗಳೇ ಮಂಕಾಗಿರುತ್ತವೆ. ಜೊತೆಗೆ ಆ ದೇಶಗಳಲ್ಲಿ ರೋಗಿಗಳು ಬೇಗ ಆಸ್ಪತ್ರೆ ತಲುಪಿ, ರಕ್ತನಾಳ ಬೇಗ ತೆರೆದು, ಆಗಲೇ ಬಹಳಷ್ಟು ಸ್ನಾಯು ಉಳಿದಿರುತ್ತೆ. ಹೊಸದಾಗಿ ಉಳಿಸೋಕೆ ಉಳಿದಿರೋದೇ ಕಡಿಮೆ.

ಈಗ ನನ್ನ ಲ್ಯಾಬಿನಲ್ಲಿ ವಯಸ್ಸಾದ, ಸಕ್ಕರೆ ಕಾಯಿಲೆ ಇರೋ ಇಲಿಗಳು. ಕೆಲಸ ನಿಧಾನ, ಪೇಪರ್ ಕಡಿಮೆ, ಗ್ರಾಂಟ್ ಇನ್ನೂ ಕಡಿಮೆ. ಬಂದ ಫಲಿತಾಂಶ ಮಾತ್ರ ಮನುಷ್ಯನಿಗೆ ಒಂದಡಿ ಹತ್ತಿರ.

ಈ ಸಲ

2025ರ ಜುಲೈ. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಟಿವಿ ತುಂಬ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಿಗ್ಗೆಯಿಂದಲೇ ಸಾಲು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದಿನಕ್ಕೆ ಹತ್ತು ಮನೆಮದ್ದು. ಅಂಥ ಒಂದು ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ವಯಸ್ಸು 34, ಬೆಂಗಳೂರಿನಲ್ಲಿ ಐಟಿ ಕೆಲಸ.

"ಅಕ್ಕಾ, ಎದೆ ಒಂಥರಾ ಹಿಡ್ಕೊಂಡಿದೆ. ಬಿರಿಯಾನಿ ತಿಂದಿದ್ದೆ, ಗ್ಯಾಸ್ ಅನ್ಸುತ್ತೆ. ಏನಾದ್ರೂ ಮಾತ್ರೆ ಹೇಳು."

"ಮಾತ್ರೆ ಬೇಡ. ನೀನು ಗಾಡಿ ಓಡಿಸಬೇಡ. ಪಕ್ಕದ ರೂಮಿನವನನ್ನ ಎಬ್ಬಿಸು. ಇಸಿಜಿ ಇರೋ ಆಸ್ಪತ್ರೆಗೆ ಈಗಲೇ ಹೊರಡು."

"ಅಕ್ಕಾ, ನಾಳೆ ಎಂಟಕ್ಕೆ ಕಾಲ್ ಇದೆ..."

"ಹೊರಡೋ!" ಅಂತ ಕಿರುಚಿದ್ದು ನನಗೇ ಕೇಳಿಸ್ತು.

ಮೊದಲ ಇಸಿಜಿ ನಾರ್ಮಲ್. ಅಷ್ಟಕ್ಕೇ ಬಿಡದೆ ಮತ್ತೆ ಇಸಿಜಿ ಮಾಡಿದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಟ್ರೋಪೋನಿನ್ ಅನ್ನ ಗಂಟೆಗಳ ಅಂತರದಲ್ಲಿ ಎರಡು ಸಲ ನೋಡಿದರು. ಬೆಳಗಿನ ಜಾವ ನಾಲ್ಕಕ್ಕೆ ಅವನ ಮೆಸೇಜ್ ಬಂತು: "ಅಕ್ಕಾ, ಬರೀ ಅಸಿಡಿಟಿ ಅಂತೆ. ಸಾರಿ, ಸುಮ್ನೆ ನಿದ್ದೆ ಕೆಡಿಸಿದೆ."

ಫೋನ್ ಹಿಡ್ಕೊಂಡು ಅತ್ತೆ. ಈ ಸಲ ಅದು ನಿಜವಾಗಿಯೂ ಗ್ಯಾಸ್ ಆಗಿತ್ತು.

ಆ ವಾರದ ಕೊನೆಗೆ ಅರಸೀಕೆರೆಗೆ ಹೋದೆ. ಅಡುಗೆ ಮನೆಯಲ್ಲಿ ಕೂತು ಅಮ್ಮನಿಗೆ ಹೇಳಿಬಿಟ್ಟೆ. ಕಷಾಯ ಕೊಟ್ಟಿದ್ದು, ಗ್ಯಾಸ್ ಅಂದಿದ್ದು, ಅಪ್ಪ ನನ್ನ ಮಾತು ನಂಬಿ ಮಲಗಿದ್ದು, ಎಲ್ಲ.

ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನೀನು ಮಲ್ಕೊಂಡ ಮೇಲೆ ಹನ್ನೆರಡು ಗಂಟೆಗೆ ಎಡಗೈ ಜೋಮು ಹಿಡೀತಿದೆ ಅಂದ್ರು. ಪಕ್ಕದ ಮನೆಯವರನ್ನ ಎಬ್ಬಿಸ್ಲಾ ಅಂದೆ. ಇಷ್ಟೊತ್ತಲ್ಲಿ ಬೇಡ, ಏನಂದ್ಕೋತಾರೋ ಅಂದ್ರು. ನಾನೂ ಸುಮ್ಮನಾದೆ. ನೀನು ಮಗು, ನಿಂಗೇನು ಗೊತ್ತಿತ್ತು? ದೊಡ್ಡವಳು ನಾನು." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಅದಕ್ಕೇ ಕಣೇ ನಿನ್ನ ಪ್ರತಿ ಸಲ ಕೇಳೋದು, ಔಷಧಿ ಸಿಕ್ತಾ ಅಂತ."

ಅವಳು ಆ ಪ್ರಶ್ನೆ ಕೇಳಿದಾಗಲೆಲ್ಲ ನನ್ನನ್ನ ಚುಚ್ಚುತ್ತಿದ್ದಾಳೆ ಅಂದುಕೊಂಡಿದ್ದೆ.

ನಾನು ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ನಾನು ಹುಡುಕುತ್ತಿರೋ ಔಷಧಿ ಇನ್ನೂ ಸಿಕ್ಕಿಲ್ಲ, ಹುಡುಕೋದು ಬಿಟ್ಟಿಲ್ಲ. ಆದರೆ ಸತ್ತ ಸ್ನಾಯುವಿನ ಬಿಳಿಯನ್ನ ಇಷ್ಟು ವರ್ಷ ಅಳೆದ ನನಗೆ ಖಾತ್ರಿ ಗೊತ್ತಿರೋ ಒಂದು ಸಂಗತಿ ಇದೆ. ಇವತ್ತಿಗೂ ಸಮಯಕ್ಕಿಂತ ದೊಡ್ಡ ಹೃದಯ ರಕ್ಷಕ ಇಲ್ಲ. ಎದೆಯಲ್ಲಿ ಭಾರ, ಹಿಂಡಿದ ಹಾಗೆ ನೋವು, ದವಡೆಗೋ ತೋಳಿಗೋ ಹರಡೋ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಉಬ್ಬಸ ಬಂದರೆ ಗೂಗಲ್ ಮಾಡಬೇಡಿ, ನನ್ನಂಥ ಡಾಕ್ಟರಿಗೂ ಫೋನ್ ಮಾಡಬೇಡಿ. 108ಕ್ಕೆ ಮಾಡಿ. ಈಗ ನಮ್ಮ ರಾಜ್ಯದ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ತಾರೆ. ಅಪ್ಪನ ಕಾಲಕ್ಕೆ ಅದು ಇರಲಿಲ್ಲ.

ಗ್ಯಾಸ್ ಅಂತ ಗೊತ್ತಾದರೆ ನಾಚಿಕೆ ಪಡಬೇಡಿ. ಮನೆಗೆ ಬಂದು ಆರಾಮಾಗಿ ಕಷಾಯ ಕುಡೀರಿ. ಮೊದಲು ಇಸಿಜಿ, ಆಮೇಲೆ ಜೀರಿಗೆ.