ಸಿಹಿ ಹೋದ ಮೇಲೆ ಉಳಿಯುವ ಹಣ್ಣು

ಹಣ್ಣು ಕೊಳ್ಳುವಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ಸಿಹಿ ಇದೆಯಾ? ಮೇ ತಿಂಗಳಲ್ಲಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರೆ ಆ ಮಾತು ಹತ್ತು ಬಾಯಲ್ಲಿ ಕೇಳುತ್ತದೆ. ರಸಪುರಿಯಾಗಲಿ ಬಾದಾಮಿಯಾಗಲಿ, ಆ ಪರೀಕ್ಷೆಯಲ್ಲಿ ಗೆದ್ದೇ ಚೀಲ ಸೇರಬೇಕು. ಸಿಹಿಗೆ ಕವಡೆ ಕಿಮ್ಮತ್ತಿಲ್ಲದ ಜಾಗವೂ ಒಂದಿದೆ ಎಂದು ತೋರಿಸಿಕೊಟ್ಟವನು ನನ್ನ ಅಕ್ಕನ ಮಗ.

ಹುಡುಗ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಈಗ ಇರುವುದು ಅಮೆರಿಕದ ಆರೆಗಾನ್‌ನಲ್ಲಿ. ಅಲ್ಲಿ ಮನೆಯಲ್ಲೇ ಬಿಯರು ಮಾಡಿಕೊಳ್ಳುವ ಹವ್ಯಾಸ ಬಹಳ ಜನಕ್ಕಿದೆ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಮರುವರ್ಷ ಜಾರಿಗೆ ಬಂತು. ಅದರಂತೆ ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಹೆಚ್ಚು, ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮಾಡುವುದೇ ಅಪರಾಧ. ಹಾಗಾಗಿ ಬಿಯರು ಅವನದು, ಹಣ್ಣಿನ ಚಿಂತೆ ನನ್ನದು.

"ಮಾವ, ಆಪೂಸಿನ ರಸ ಡಬ್ಬಿಗಟ್ಟಲೆ ಸುರಿದೆ. ಕುಡಿದು ನೋಡಿದರೆ ಮಾವು ಎಲ್ಲಿ ಹೋಯ್ತೋ!" ಎಂದ ಒಂದು ಸಲ ಫೋನಿನಲ್ಲಿ.

ಹೋದದ್ದು ಯೀಸ್ಟಿನ ಹೊಟ್ಟೆಗೆ. ಹಣ್ಣಿನ ಸಕ್ಕರೆಯನ್ನು ಅದು ಚೂರೂ ಬಿಡದೆ ತಿಂದು ಆಲ್ಕೊಹಾಲು, ಅನಿಲ ಮಾಡಿಬಿಡುತ್ತದೆ. ಆಮೇಲೆ ಉಳಿಯುವುದು ಹುಳಿ, ಒಗರು, ಬಣ್ಣ, ಪರಿಮಳ. ಪರಿಮಳವೂ ಸುಲಭಕ್ಕೆ ನಿಲ್ಲುವುದಿಲ್ಲ. ಮೊದಲ ದಿನಗಳ ಭೋರ್ಗರೆತದಲ್ಲಿ ಹೊರಡುವ ಅನಿಲ ಅದನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಬಲ್ಲವರು ಆ ಅಬ್ಬರ ಅಡಗುವವರೆಗೆ ಕಾದು ಹಣ್ಣು ಹಾಕುತ್ತಾರೆ: 19 ಲೀಟರಿನ ಪಾತ್ರೆಗೆ ಸುಮಾರು 2 ಕಿಲೊ. ಹೊಸ ಸಕ್ಕರೆ ಕಂಡ ಯೀಸ್ಟು ಮತ್ತೆ ಏಳುತ್ತದೆ. ಅದು ಪೂರ್ತಿ ತಣಿಯುವ ಮೊದಲೇ ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಗಾಜು ಸಿಡಿಯಬಹುದು.

ತಾಜಾ ಹಣ್ಣೇ ಶ್ರೇಷ್ಠ ಎಂದು ನಾನು ವಾದಿಸಿದ್ದಕ್ಕೆ ಅವನು ಒಪ್ಪಲಿಲ್ಲ; ಫ್ರೀಜರಿನಲ್ಲಿಟ್ಟು ತೆಗೆದ ಹಣ್ಣೇ ಮೇಲು ಎಂದ. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ಮಂಜಿನ ಹರಳುಗಳು ಹಣ್ಣಿನ ಜೀವಕೋಶಗಳ ಗೋಡೆ ಸೀಳುತ್ತವೆ. ಕರಗಿದಾಗ ಹಣ್ಣು ಮೆತ್ತಗಾಗಿ ತಾನೇ ರಸ ಬಿಡುತ್ತದೆ. ತಿನ್ನಲು ಬೇಡವೆನಿಸುವ ಆ ಮೆದುತನವೇ ಬಿಯರಿಗೆ ಅನುಕೂಲ. ಆದರೆ ಫ್ರೀಜರು ಸೂಕ್ಷ್ಮಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಅದಕ್ಕೆ ಹೆದರಿ ಹಣ್ಣನ್ನು ಕುದಿಸಿದರೆ ಅದರೊಳಗಿನ ಪೆಕ್ಟಿನ್ ಎಂಬ ಅಂಟು ಬಿಟ್ಟುಕೊಂಡು ಬಿಯರು ಮಬ್ಬಾಗುತ್ತದೆ.

ಪೆಕ್ಟಿನ್ ಎಂದದ್ದೇ, ಪಕ್ಕದಲ್ಲಿ ಕೂತು ಫೋನಿನ ಮಾತು ಕೇಳುತ್ತಿದ್ದ ಭಾವನ ಕಿವಿ ನೆಟ್ಟಗಾಯಿತು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಅದರಿಂದ ಮಿಥೈಲ್ ಆಗಲ್ವೇನೋ?" ಎಂದು ಮಗನನ್ನು ಕೇಳಿದರು. ಆ ಊರಿನವರಿಗೆ ಈ ಹೆಸರು ಹೊಸತಲ್ಲ. 1923ರಲ್ಲಿ ಶುರುವಾದ ಕಾರ್ಖಾನೆಯಲ್ಲಿ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಕಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರು. ಏಳುವ ಹೊಗೆಯನ್ನು ತಣಿಸಿ ಟಾರು, ಮಿಥೈಲ್ ಆಲ್ಕೊಹಾಲುಗಳನ್ನು ತೆಗೆಯುತ್ತಿದ್ದರು. ಅದೇ ಮಿಥೈಲ್ ಬೆರೆತ ಸಾರಾಯಿ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಡವರ ಪ್ರಾಣ ತೆಗೆಯಿತು. ಭಾವನ ಅಂಜಿಕೆಗೆ ಬೇರು ಇದೆ, ಅದನ್ನು ಗೌರವಿಸಬೇಕು. ಹಣ್ಣಿನ ಪೆಕ್ಟಿನ್‌ನಿಂದ ಮಿಥೈಲ್ ಹುಟ್ಟುವುದೂ ನಿಜ. ಆದರೆ ಬಟ್ಟಿ ಇಳಿಸದ ಬಿಯರಿನಲ್ಲಿ ಅದು ತೀರಾ ಅಲ್ಪ. ಅಪಾಯದ ಮಟ್ಟ ಮುಟ್ಟುವುದಿಲ್ಲ.

ಬಿಯರಿಗೆ ಹಣ್ಣು ಹಾಕುವುದು ಹೊಸ ಶೋಕಿಯೇನಲ್ಲ. 1516ರಲ್ಲಿ ಬವೇರಿಯಾದ ಅರಸರು ಬಾರ್ಲಿ, ಹಾಪ್ಸ್, ನೀರು ಇಷ್ಟರಲ್ಲೇ ಬಿಯರು ಮಾಡಬೇಕೆಂದು ಕಟ್ಟಳೆ ಹಾಕಿದರು. ಬೆಲ್ಜಿಯಂನವರು ಮಾತ್ರ ಚೆರಿ ಹಾಕಿ ತಿಂಗಳುಗಟ್ಟಲೆ ನೆನೆಸಿದ 'ಕ್ರೀಕ್' ಎಂಬ ಬಿಯರನ್ನು ಉಳಿಸಿಕೊಂಡು ಬಂದಿದ್ದಾರೆ. ಅವರು ಆರಿಸಿದ್ದು ತಿನ್ನುವ ಸಿಹಿ ಚೆರಿಯಲ್ಲ, ಹುಳಿ ಚೆರಿ. ಸಿಹಿ ಕಳೆದ ಮೇಲೂ ಮಾತಾಡುವ ಹಣ್ಣು ಯಾವುದೆಂದು ಅವರಿಗೆ ಗೊತ್ತಿತ್ತು.

ಮಲೆನಾಡಿಗೂ ಅದು ಗೊತ್ತಿದೆ. ಅಪ್ಪೆಮಿಡಿಯನ್ನು ಯಾರೂ ಸಿಹಿಗಾಗಿ ಹುಡುಕುವುದಿಲ್ಲ. ತೊಟ್ಟು ಮುರಿದು ಸೊನೆ ಮೂಸಿ ಇದು ಜೀರಿಗೆ ಮಿಡಿ, ಇದು ಬರೀ ಹುಳಿ ಎಂದು ತೀರ್ಮಾನಿಸುವ ಹೆಂಗಸರು ಸಾಗರ, ಹೊಸನಗರದ ಕಡೆ ಈಗಲೂ ಇದ್ದಾರೆ. ವರ್ಷ ಕಳೆದ ಉಪ್ಪಿನಕಾಯಿಯಲ್ಲೂ ಆ ಪರಿಮಳ ಇರುತ್ತದೆ. ಮುರುಗಲಿನ ಸಿಪ್ಪೆಯನ್ನು ಒಣಗಿಸಿಟ್ಟು ಬೇಸಿಗೆಗೆ ಪಾನಕ ಮಾಡುತ್ತೇವೆ; ಅದರ ಹುಳಿ, ಕೆಂಪು ಎರಡೂ ಗಟ್ಟಿ. ನೇರಳೆಯ ಒಗರಂತೂ ನಾಲಗೆಯಿಂದ ಬೇಗ ಇಳಿಯುವುದಿಲ್ಲ. 

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೇ: ಮಾವಿನ ಡಬ್ಬಿ ಬಿಡು, ಇಂಡಿಯನ್ ಅಂಗಡಿಯಲ್ಲಿ ಒಣ ಮುರುಗಲು ಕೇಳು. ಉಪ್ಪು ಹಾಕಿ ಒಣಗಿಸಿದ್ದಲ್ಲ, ಸಾದಾ ಸಿಪ್ಪೆ. ಒಂದೇ ಸಲ ಸುರಿಯಬೇಡ. ಒಂದು ಲೋಟ ಬಿಯರಿನಲ್ಲಿ ಒಂದು ಸಿಪ್ಪೆ ನೆನೆಸಿ, ರುಚಿ ನೋಡಿ ಪಾತ್ರೆಯ ಅಳತೆ ಗೊತ್ತುಮಾಡಿಕೊ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ಬೇಸಿಗೆಗೆ ಮಾವಿನ ಬಿಯರು ಮಾಡುವವರಿಗೂ ಇದೇ ನನ್ನ ಮಾತು. ಜೂನಿನಲ್ಲಿ ಒಮ್ಮೆ ಘಟ್ಟದ ಕಡೆ ಬನ್ನಿ. ಮರದಡಿ ಬಿದ್ದು ಕೊಳೆಯುವ ನೇರಳೆ, ಮುರುಗಲಿಗೆ ನ್ಯಾಯವಾದ ಬೆಲೆ ಕೊಟ್ಟು ಒಯ್ಯಿರಿ. ಆರಿಸುವ ಕೈಗಳಿಗೆ ನಾಲ್ಕು ಕಾಸು ಸಿಕ್ಕರೆ ಆ ಮರಗಳನ್ನು ಕಡಿಯುವ ಮುಂಚೆ ಜನ ಎರಡು ಸಲ ಯೋಚಿಸುತ್ತಾರೆ.