ನಮ್ಮ ಹೊಳೆಯ ಪುಟ್ಟ ಮೀನು

ಗೆಳೆಯರೇ, ಹೋದ ಬೇಸಿಗೆ ರಜೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮನೆ ಹುಕ್ಕೇರಿ ತಾಲೂಕಿನ ಹಿರಣ್ಯಕೇಶಿ ಹೊಳೆಯ ದಂಡೆಯ ಹತ್ತಿರ. ಬೇಸಿಗೆಗೆ ಹೊಳೆ ಸೊರಗಿ ಅಲ್ಲಲ್ಲಿ ಮಡು ನಿಂತಿದ್ದವು. ಗೆಳೆಯನೊಬ್ಬ ಬ್ಲೀಚಿಂಗ್ ಪೌಡರ್ ತಂದ. "ಗಾಳ ಯಾಕ ಬೇಕೋ? ಇದನ್ನ ಹಾಕಿದ್ರ ಮೀನ ತಾವ ಮ್ಯಾಲ ಬರ್ತಾವ" ಅಂದ. ಇಬ್ಬರೂ ಕೂಡಿ ಮಡುವಿಗೆ ಸುರಿದೆವು. ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ದೊಡ್ಡವು ನಾಲ್ಕೇ ನಾಲ್ಕು. ಉಳಿದವೆಲ್ಲ ಬೆರಳುದ್ದದವು. ಅವನ್ನು ದಂಡೆಗೆ ಚೆಲ್ಲಿ ಬಂದೆವು.

ಅಜ್ಜನಿಗೆ ಗೊತ್ತಾಯಿತು. "ತಿನ್ನಾಕ ನಾಕು, ಕೊಂದದ್ದು ನೂರು. ಇದ್ಯಾವ ಲೆಕ್ಕೋ ತಮ್ಮಾ?" ಅಂದ. "ಸಣ್ಣವು ಅಜ್ಜಾ, ಅವಕ್ಕ ಹೆಸರೂ ಇಲ್ಲ" ಅಂದೆ.

ಶಾಲೆ ಶುರುವಾದ ಮೇಲೆ ವಿಜ್ಞಾನದ ಅಕ್ಕೋರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ, ನಮ್ಮ ಹೊಳೆಯ ಕತೆಯನ್ನೇ ಹೇಳಿದರು. ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ. ಅಲ್ಲಿಯ ಮಹಾದೇವ ಗುಡಿಯ ಹೊಂಡದಲ್ಲಿ ಒಂದು ಮೀನಿದೆ. ಬೆರಳಿನಷ್ಟೂ ಉದ್ದವಿಲ್ಲ. ಮೈಮೇಲೆ ಕಪ್ಪು ಪಟ್ಟಿ, ಬಾಯಿಯ ಹತ್ತಿರ ಸಣ್ಣ ಮೀಸೆ. ನೀರಿನ ತಳದಲ್ಲಿ ಮೀಸೆಯಿಂದ ತಡವಿ ಆಹಾರ ಹುಡುಕುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಅದಕ್ಕೂ ಹೆಸರಿರಲಿಲ್ಲ. 2020ರಲ್ಲಿ ಸಂಶೋಧಕರು ನಮ್ಮ ಹೊಳೆಯ ಹೆಸರನ್ನೇ ಸೇರಿಸಿ 'ಸ್ಕಿಸ್ಟುರಾ ಹಿರಣ್ಯಕೇಶಿ' ಎಂದು ಕರೆದರು. 2021ರಲ್ಲಿ ಮಹಾರಾಷ್ಟ್ರ ಸರಕಾರ ಗುಡಿ, ಹೊಂಡ ಸೇರಿದ 2.11 ಹೆಕ್ಟೇರ್, ಅಂದರೆ ಸುಮಾರು 5 ಎಕರೆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಸಾರಿತು. ಅದೂ ಒಂದು ಸಣ್ಣ ಮೀನಿಗಾಗಿ!

ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಮೀನಿಗೆ ಉಸಿರು ಕಟ್ಟುತ್ತದೆ. ಮರಿಗಳೂ ಅವು ತಿನ್ನುವ ಹುಳಗಳೂ ಸಾಯುತ್ತವೆ. ಮಳೆ ಬಂದು ಹೊಳೆ ತುಂಬಿದಾಗ ಮತ್ತೆ ಮೀನು ಹೆಚ್ಚಬೇಕಾದರೆ ಬೇಸಿಗೆಯ ಮಡುವಿನಲ್ಲಿ ಉಳಿದ ಮೀನೇ ಬೀಜ. ನಾವು ಬಿತ್ತುವ ಬೀಜವನ್ನೇ ಕುಟ್ಟಿ ತಿಂದಂತಾಯಿತು.

ನಮ್ಮ ಹೊಳೆ ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ಆ ನೀರೇ ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಧುಮುಕಿ ಮೂಡಲಗಿ ಕಡೆ ಹರಿಯುತ್ತದೆ. ಹೊಳೆ ಒಬ್ಬರ ಊರಿನದಲ್ಲ.

ಈಗ ನಾವಿಬ್ಬರೂ ಗಾಳ ಮಾತ್ರ ಹಾಕುತ್ತೇವೆ. ಮರಿ ಸಿಕ್ಕರೆ ನೀರಿಗೆ ಬಿಡುತ್ತೇವೆ. ನೀವೂ ಮಡುವಿಗೆ ಪೌಡರ್ ಹಾಕಬ್ಯಾಡ್ರಿ. ಯಾರಾದರೂ ಹಾಕುವುದನ್ನು ಕಂಡರೆ ಅಜ್ಜನ ಲೆಕ್ಕ ಕೇಳ್ರಿ.

— 9ನೇ ತರಗತಿಯ ವಿದ್ಯಾರ್ಥಿ